ಹೂವಿಗೆ ಬಂದವರ ಪಟ್ಟಿ

ಆ ಗುರುವಾರ ಬೆಳಿಗ್ಗೆ ಬಳ್ಳಿಯಲ್ಲಿ ಆರು ವೆನಿಲ್ಲಾ ಹೂಗಳು ಅರಳಿದ್ದವು. ಮಧ್ಯಾಹ್ನದ ಹೊತ್ತಿಗೆ ಆರೂ ಬಾಡಿಹೋಗುವಂಥವು. ಅಲ್ಲಿಯವರೆಗೆ ಅವುಗಳನ್ನು ಮನುಷ್ಯರು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಫಿದೆನ್ಸಿಯೋನ ಕೆಲಸ. ಕುರ್ಚಿ, ನೋಟ್‌ಬುಕ್, ಕ್ಯಾಮೆರಾ ಮೂರನ್ನೂ ವಿಶ್ವವಿದ್ಯಾಲಯ ಕೊಟ್ಟಿತ್ತು. ಸುಮ್ಮನೆ ಕೂರುವ ಶಕ್ತಿ ಮಾತ್ರ ಅವನ ಸ್ವಂತದ್ದು.

ಪಾಪಾಂತ್ಲಾ ಸೀಮೆಯ ಆ ಹಳ್ಳಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ವೆನಿಲ್ಲಾ ಹೂವು ತಾನಾಗಿ ಕಾಯಿ ಕಟ್ಟುವುದಿಲ್ಲ. ಕಿತ್ತಳೆ ಮುಳ್ಳಿನಿಂದ ಅದರ ತುಟಿಯನ್ನು ಸೀಳಿ, ಒಳಗಿನ ಪರದೆಯನ್ನು ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು. ನಾಲ್ಕು ಸೆಕೆಂಡಿನ ಕೆಲಸ. ಏಳು ವರ್ಷದ ಮಕ್ಕಳಿಂದ ಹಿಡಿದು ಹಲ್ಲಿಲ್ಲದ ಮುದುಕರವರೆಗೆ ಊರಿನ ಎಲ್ಲರಿಗೂ ಅದು ಬರುತ್ತಿತ್ತು. ಅರಳಿ ನಿಂತ ಹೂವನ್ನು ಒತ್ತದೆ ದಾಟಿ ಹೋಗುವುದೆಂದರೆ ಅವರಿಗೆ ಅಳುವ ಕೂಸನ್ನು ದಾರಿಯಲ್ಲಿ ಬಿಟ್ಟು ಹೋದ ಹಾಗೆ.

ಆ ಕೆಲಸ ಬಾರದವನು ಒಬ್ಬನೇ, ಫಿದೆನ್ಸಿಯೋ. ಅವನ ಹೆಬ್ಬೆರಳು ಮರದ ಸೌಟಿನಷ್ಟು ಅಗಲವಾಗಿತ್ತು. ಹತ್ತು ಹೂವು ಒತ್ತಿದರೆ ಏಳು ಮುರಿಯುತ್ತಿದ್ದವು. ಅವನ ಅತ್ತೆ ದೋನ್ಯಾ ಎಉಸೇಬಿಯಾ ಹದಿನಾಲ್ಕು ಹೆಂಗಸರ ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಹೂವು ಒತ್ತಿಕೊಡುತ್ತಿದ್ದಳು. ಒಂದು ವಸಂತದಲ್ಲಿ ಅಳಿಯನನ್ನೂ ಕರೆದುಕೊಂಡು ಹೋಗಿದ್ದಳು. ತೋಟದ ಯಜಮಾನರು ಮೂರನೇ ದಿನ ಬಂದು, ಮುಂದಿನ ಸಲ ಅಳಿಯನ ಬದಲು ಆಡು ತಂದರೂ ಅಡ್ಡಿಯಿಲ್ಲ ಎಂದು ವಿನಯದಿಂದಲೇ ಹೇಳಿದ್ದರು.

ಆದ್ದರಿಂದ ಹಲಾಪಾ ಪಟ್ಟಣದ ವಿಶ್ವವಿದ್ಯಾಲಯದಿಂದ ಸಂಶೋಧಕಿ ಡಾಕ್ಟರ್ ರೆನಾತಾ ಬಂದು, "ಹೂವಿನ ಪಕ್ಕ ಕೂತು, ಏನನ್ನೂ ಮುಟ್ಟದೆ ನೋಡುತ್ತಿರುವವರು ಬೇಕು" ಎಂದಾಗ ಊರು ಒಕ್ಕೊರಲಿನಿಂದ ಒಂದೇ ಹೆಸರು ಹೇಳಿತು.

ಡಾಕ್ಟರಮ್ಮನ ಪ್ರಶ್ನೆ ಸರಳವಾಗಿತ್ತು. ಮುಳ್ಳು ಹಿಡಿದ ಮನುಷ್ಯರು ಬರುವ ಮೊದಲು ಕಾಡಿನಲ್ಲಿ ಈ ಹೂವನ್ನು ಒತ್ತುತ್ತಿದ್ದವರು ಯಾರು? ಯಾವುದೋ ಜೇನು, ಸರಿ. ಯಾವ ಜೇನು? ಊರಿನವರು ಮಡಕೆಗಳಲ್ಲಿ ಸಾಕುವ, ಕುಟುಕದ ಮುಜಂಟಿ ಜೇನು ಎಂದು ಕೆಲವರು. ಅದು ಎಳ್ಳಿನಷ್ಟಿದೆ, ಆ ಪರದೆ ಎತ್ತಲು ಅದಕ್ಕೆ ತಾಕತ್ತಿಲ್ಲ, ಕಾಡಿನಲ್ಲಿ ಒಂಟಿಯಾಗಿ ತಿರುಗುವ ದೊಡ್ಡ ಹಸಿರು ದುಂಬಿಯೇ ಇರಬೇಕು ಎಂದು ಡಾಕ್ಟರಮ್ಮ. ಕಣ್ಣಾರೆ ಕಂಡೆ ಎಂದು ಆಣೆಯಿಟ್ಟು ಹೇಳುವವರು ಮಾತ್ರ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ.

"ಒಂದೇ ಒಂದು ಸಲ ನೋಡಿ ಫೋಟೋ ತೆಗೆದುಬಿಡಿ ಫಿದೆನ್ಸಿಯೋ," ಎಂದಿದ್ದಳು. "ಎಲ್ಲಾ ಬದಲಾಗಿಬಿಡುತ್ತೆ."

ಎರಡು ವಸಂತ ಕಳೆದರೂ ದುಂಬಿ ಬರಲಿಲ್ಲ. ಎರಡು ಸಲವೂ ಡಾಕ್ಟರಮ್ಮ ಅವನ ಗುತ್ತಿಗೆಯನ್ನು ಮುಂದುವರಿಸಿದಳು. ಕರುಣೆಯಿಂದ, ಎಂದುಕೊಂಡ ಫಿದೆನ್ಸಿಯೋ. ಮೂರನೇ ಸಲ ಯಾರ ಕರುಣೆಯೂ ಬಾಳಿಕೆ ಬರುವುದಿಲ್ಲ. ಈ ಗುರುವಾರ ಗುತ್ತಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ಕಾಗದಪತ್ರ ತೆಗೆದುಕೊಂಡು ಬರುತ್ತೇನೆ ಎಂದು ಅವಳು ಹೇಳಿಕಳಿಸಿದ್ದಳು. ಮೇಲಿನ ತೋಟಗಳಲ್ಲಿ ಇನ್ನೂ ಎರಡು ವಾರ ಹೂವಿತ್ತು. ಇವತ್ತು ದುಂಬಿ ಬರದಿದ್ದರೆ ನಾಳೆ ಬೆಳಿಗ್ಗೆ ಐದಕ್ಕೆ ಅವನು ಅತ್ತೆಯ ಗುಂಪಿನ ಬಾಲದಲ್ಲಿ ನಡೆಯಬೇಕು. ಹದಿನಾಲ್ಕು ಹೆಂಗಸರಿಗೂ ಅವನ ಹೆಬ್ಬೆರಳಿನ ಬಗ್ಗೆ ಆಡಿಕೊಳ್ಳಲು ದಾರಿಯುದ್ದಕ್ಕೂ ಪುರುಸೊತ್ತು.

ಮೊದಲು ಬಂದವಳು ಅತ್ತೆಯೇ. ಒಂದು ಕೈಯಲ್ಲಿ ಜೋಳದ ಗಂಜಿ, ಇನ್ನೊಂದರಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು, ಏಪ್ರನ್ನಿನ ಎದೆಯ ಮೇಲೆ ಚುಚ್ಚಿಕೊಂಡ ಕಿತ್ತಳೆ ಮುಳ್ಳು.

"ಬಂತಾ ನಿನ್ನ ನೊಣ?"

"ಇನ್ನೂ ಇಲ್ಲ ಅತ್ತೆ. ಸ್ವಲ್ಪ ದೂರ ನಿಂತ್ಕೊಳ್ಳಿ."

"ದೂರಾನೇ ನಿಂತಿದ್ದೀನಲ್ಲ. ನನ್ ಮಗಳು ಅದೆಲಾ ತಮಾಲೆ ಕೊಟ್ಟಿದ್ದಾಳೆ, ಬಿಸಿ ಇರೋವಾಗ್ಲೇ ತಿನ್ನು. ಗಂಡ ಹಸಿದು ಕೂತಿರ್ತಾನೆ ಅಂತಾಳೆ. ನಾನಂದೆ, ಕೂತವನಿಗೆ ಎಂಥ ಹಸಿವು ಅಂತ. ಡಾಕ್ಟರಮ್ಮ ಎಷ್ಟೊತ್ತಿಗೆ?"

"ಹನ್ನೆರಡಕ್ಕೆ," ಎನ್ನುತ್ತ ಫಿದೆನ್ಸಿಯೋ ಎಲೆ ಬಿಚ್ಚಲು ಬಗ್ಗಿದ. ತಲೆಯೆತ್ತಿದಾಗ ಎರಡು ಹೂಗಳ ತುಟಿ ಸೀಳಿತ್ತು.

"ಅತ್ತೆ."

"ಏನು?"

"ಎರಡು ಹೂವು ಒತ್ತಿದ್ದೀರಿ."

ದೋನ್ಯಾ ಎಉಸೇಬಿಯಾ ತನ್ನ ಬಲಗೈಯನ್ನು ಪಕ್ಕದ ಮನೆಯ ನಾಯಿಯನ್ನು ನೋಡಿದ ಹಾಗೆ ನೋಡಿದಳು. "ನಾನಾ? ನಾನು ನಿನ್ ಹತ್ರ ಮಾತಾಡ್ತಾ ಇದ್ನಲ್ಲ."

"ಮಾತಾಡ್ತಾನೇ ಒತ್ತಿದ್ರಿ."

"ಕೈ ಹೋಗಿರಬೇಕು. ಬಿಡು, ಒಳ್ಳೇ ಕಾಯಿ ಆಗುತ್ತೆ. ನೀನು ತಿನ್ನು."

ಹೂವಿಗೆ ಏನೇ ಬಂದರೂ ಬರೆಯಬೇಕು, ಬಿಡಬಾರದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ಫಿದೆನ್ಸಿಯೋ ನೋಟ್‌ಬುಕ್ ತೆರೆದು ಬರೆದ: ಸಮಯ, ಆರು ಇಪ್ಪತ್ತು. ಬಂದ ಜೀವಿ, ಅತ್ತೆ. ಹೂವಿನಲ್ಲಿ ಕಳೆದ ಹೊತ್ತು, ತಲಾ ನಾಲ್ಕು ಸೆಕೆಂಡು. ಪರಾಗಸ್ಪರ್ಶ, ಆಗಿದೆ. ವರ್ತನೆ, ಮಾತು ನಿಲ್ಲಿಸಲಿಲ್ಲ.

ಏಳೂವರೆಗೆ ಪಕ್ಕದ ಮನೆಯ ದೋನ್ ಎರಾಸ್ತೊ ಬಂದರು. ಎದೆಗವಚಿಕೊಂಡು ಒಂದು ಮುಜಂಟಿ ಗೂಡು ತಂದಿದ್ದರು. ಬಾಯಿಗೆ ಬಾಯಿ ಅಂಟಿಸಿದ ಎರಡು ಮಣ್ಣಿನ ಮಡಕೆ, ನಡುವೆ ಒಂದು ಸಣ್ಣ ತೂತು. ಅದನ್ನು ಬಳ್ಳಿಯ ಬುಡದಲ್ಲಿ ಇಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡರು. ವೆನಿಲ್ಲಾ ಹೂವು ಒತ್ತುವುದು ತಮ್ಮ ಜೇನೇ ಎಂದು ಅವರು ಮೂರು ವರ್ಷದಿಂದ ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

"ಇದು ಸರಿ ಅಲ್ಲ ದೋನ್ ಎರಾಸ್ತೊ. ಅದು ತಾನಾಗಿ ಬರಬೇಕು."

"ತಾನಾಗೇ ಬರ್ತವೆ. ನಾನು ಹತ್ರ ತಂದಿಟ್ಟೆ, ಅಷ್ಟೇ. ನಿನ್ ಮದುವೆ ಹೆಂಗಾಯ್ತು? ನಿಮ್ ಚಿಕ್ಕಮ್ಮ ಅದೆಲಾನ ತಂದು ನಿನ್ನೆದುರಿಗೆ ಕೂರಿಸಿದ್ಲು. ತಾನಾಗೇ ಆದ ಮದುವೆ ಅಂತ ಈಗ ಎಲ್ಲರೂ ಅನ್ನಲ್ವಾ?"

ಮುಜಂಟಿಗಳು ಒಂದೊಂದೇ ಹೊರಬಂದವು. ಹೊಸ ಊರಿಗೆ ವರ್ಗವಾಗಿ ಬಂದ ಗುಮಾಸ್ತರ ಹಾಗೆ ಸ್ವಲ್ಪ ಹೊತ್ತು ಸುತ್ತಮುತ್ತ ನೋಡಿದವು. ಆಮೇಲೆ ಅರ್ಧದಷ್ಟು ಜೇನು ಗಂಜಿಯ ಲೋಟಕ್ಕೆ ಇಳಿದವು, ಉಳಿದರ್ಧ ಫಿದೆನ್ಸಿಯೋನ ಹುಬ್ಬುಗಳಲ್ಲಿ ಬೀಡುಬಿಟ್ಟವು. ಹೂವಿನ ಕಡೆ ಒಂದೂ ತಲೆ ಹಾಕಲಿಲ್ಲ. ದೋನ್ ಎರಾಸ್ತೊ ಮುಕ್ಕಾಲು ಗಂಟೆ ಕಾದರು.

"ಇವತ್ತು ಅವಕ್ಕೆ ಮನಸ್ಸಿಲ್ಲ," ಎಂದರು ಕೊನೆಗೆ.

"ಪರವಾಗಿಲ್ಲ, ದೋನ್ ಎರಾಸ್ತೊ."

"ನಿನಗೆ ಬೇಜಾರಾಯ್ತು ಅಂತ ಗೊತ್ತು. ನನ್ನಿಂದ ನಿನಗೆ ನಷ್ಟ ಆಗಬಾರದು." ಇಷ್ಟು ಹೇಳಿ, ಮಡಕೆ ಎತ್ತಿಕೊಳ್ಳುವ ಮುಂಚೆ, ಸಮಾಧಾನಕ್ಕೆಂದು ಒಂದು ಹೂವು ಒತ್ತಿಕೊಟ್ಟು ಹೋದರು.

ಬಂದ ಜೀವಿ, ದೋನ್ ಎರಾಸ್ತೊ. ವರ್ತನೆ, ಅನುಕಂಪ.

ಮೂರು ಹೂವು ಉಳಿದವು. ಫಿದೆನ್ಸಿಯೋ ಎದ್ದು ಹಗ್ಗ ತಂದ. ಕಾಲುದಾರಿಗೆ ಅಡ್ಡಲಾಗಿ, ಈ ಮರದಿಂದ ಆ ಮರಕ್ಕೆ ಬಿಗಿದ. ಒಂದು ರಟ್ಟಿನ ಮೇಲೆ 'ದಯವಿಟ್ಟು ಯಾರೂ ಸಹಾಯ ಮಾಡಬೇಡಿ' ಎಂದು ಬರೆದು ತೂಗುಹಾಕಿದ. ಮುಖ ಊದಿತ್ತು. ಮುಜಂಟಿ ಕುಟುಕುವುದಿಲ್ಲ ನಿಜ, ಆದರೆ ಹುಬ್ಬಿನಿಂದ ಓಡಿಸಲು ಹೊಡೆದುಕೊಂಡ ಏಟುಗಳೆಲ್ಲ ಅವನದೇ.

ಹಗ್ಗದ ಸುದ್ದಿ ಊರ ಮುಖ್ಯಸ್ಥರಾದ ಏಜೆಂಟ್ ದೋನ್ ನಿಸೆಫೊರೊ ಅವರಿಗೆ ಮುಟ್ಟಿ, ಒಂಬತ್ತರ ಹೊತ್ತಿಗೆ ಅವರು ಖುದ್ದಾಗಿ ಬಂದರು. ಊರಿನ ಮೊಹರು ಸದಾ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಮಲಗುವಾಗಲೂ ತೆಗೆಯುವುದಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದಳು.

"ಯಾರ ಅಪ್ಪಣೆ ಮೇಲೆ ಕಟ್ಟಿದ್ದೀಯ ಇದನ್ನ? ಇದು ಎಲ್ಲರೂ ಓಡಾಡೋ ದಾರಿ."

"ಮಧ್ಯಾಹ್ನದವರೆಗೆ ಮಾತ್ರ ದೋನ್ ನಿಸೆಫೊರೊ. ಬರೋ ಹೋಗೋರೆಲ್ಲ ಹೂವು ಒತ್ತುತ್ತಾರೆ."

"ಒತ್ತದೆ ಇನ್ನೇನು ಮಾಡ್ತಾರೆ?" ಏಜೆಂಟರು ಯೋಚಿಸಿದರು. ಅವರು ಅನ್ಯಾಯದ ಮನುಷ್ಯರಲ್ಲ. "ಆಗಲಿ, ಹಗ್ಗಕ್ಕೆ ಅನುಮತಿ ಕೊಡ್ತೀನಿ. ಆದರೆ ಸ್ಥಳ ಪರಿಶೀಲನೆ ಮಾಡದೆ ಕೊಡೋಕಾಗಲ್ಲ."

ಹಗ್ಗದ ಕೆಳಗೆ ನುಸುಳಿ ಒಳಗೆ ಬಂದರು. ಮೊದಲು ಮರಗಳನ್ನು, ಆಮೇಲೆ ಕುರ್ಚಿಯನ್ನು ಪರಿಶೀಲಿಸಿದರು.

"ವಿವಾದದಲ್ಲಿರೋ ಹೂವು ಇದೇನಾ?"

"ಅದೇ. ಮುಟ್ಟ..."

"ಈಗಿನವರು ಕೈ ಒರಟು ಮಾಡ್ತಾರೆ. ನಾವು ಹುಡುಗರಾಗಿದ್ದಾಗ ಹೀಗಿತ್ತು ನೋಡು, ಎಡಗೈಲಿ ಹಿಡಕೋಬೇಕು, ಉಗುರಿನಲ್ಲಿ..." ಏಜೆಂಟರು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡು ಕೆಮ್ಮಿದರು. ಅನುಮತಿ ಪತ್ರಕ್ಕೆ ಮೊಹರು ಒತ್ತಿ, ಬೆವರು ಒರೆಸಿಕೊಂಡು, ಹಗ್ಗದ ಆಚೆ ಹೋಗಿ ನಿಂತರು.

ಎರಡು ಹೂವು ಉಳಿದವು.

ಹತ್ತೂವರೆಗೆ ಮೇಲಿನ ತೋಟದ ಕೆಲಸ ಮುಗಿಸಿ ಹೆಂಗಸರ ಗುಂಪು ಇಳಿದುಬಂತು. ಎಲ್ಲರಿಗಿಂತ ಮುಂದೆ ಫಿದೆನ್ಸಿಯೋನ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತಿದ್ದ ಹೆರ್ಮೆಲಿಂದಾ; ಆ ನಂಟಿನಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಹಿಂದೆ ಉಳಿದವರು. ಹದಿನಾಲ್ಕು ಏಪ್ರನ್, ಹದಿನಾಲ್ಕು ಮುಳ್ಳು. ಫಿದೆನ್ಸಿಯೋ ಎದ್ದು ಬಳ್ಳಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ, ಪೆನಾಲ್ಟಿ ಹೊಡೆತಕ್ಕೆ ಕಾದ ಗೋಲ್‌ಕೀಪರನ ಹಾಗೆ ನಿಂತ.

"ಏನಾಯ್ತು ಕೊಂಪಾದ್ರೆ?" ಎಂದಳು ಹೆರ್ಮೆಲಿಂದಾ. "ಮುಖ ಊದಿದೆ. ಬೆಳಿಗ್ಗೆನೇ ಕುಡಿದಿದ್ದೀರಾ?"

"ಕುಡಿದಿಲ್ಲ. ಹತ್ರ ಬರಬೇಡಿ ಕೊಮಾದ್ರೆ. ಯಾರೂ ಬರಬೇಡಿ."

"ಹೂವಿನ ಮೇಲೆ ಸಿಟ್ಟಾ?" ಎಂದಳು ಹಿಂದಿನಿಂದ ಒಬ್ಬಳು.

"ಇವನು ಒತ್ತೋದಕ್ಕಿಂತ ಸಿಟ್ಟು ಮಾಡ್ಕೊಳ್ಳೋದೇ ಹೂವಿಗೆ ಒಳ್ಳೇದು," ಎಂದಳು ಇನ್ನೊಬ್ಬಳು.

ಎಡಗಡೆಯಿಂದ ಒಂದು ಕೈ ಬಂದ ಹಾಗಾಯಿತು. ಫಿದೆನ್ಸಿಯೋ ಎಡಕ್ಕೆ ಹಾರಿದ. ಅಲ್ಲಿ ಕುರ್ಚಿಯಿತ್ತು. ಕುರ್ಚಿಯ ಸಮೇತ ಬಿದ್ದ, ಬೀಳುವಾಗ ಬಳ್ಳಿ ಹಿಡಿದುಕೊಂಡ, ಎದ್ದಾಗ ಒಂದು ಹೂವು ಅವನ ಮೊಣಕೈಗೆ ಅಂಟಿಕೊಂಡಿತ್ತು.

ಯಾರೂ ನಗಲಿಲ್ಲ. ಅವನು ನೆಲದಲ್ಲೇ ಕೂತು, ಮೊಣಕೈಯ ಹೂವನ್ನು ನೋಡುತ್ತ ನಿಧಾನವಾಗಿ ಹೇಳಿದ. "ಇವತ್ತು ನನ್ನ ಗುತ್ತಿಗೆ ಕೊನೆ. ದುಂಬಿ ಬರಲಿಲ್ಲ ಅಂದರೆ ಈ ಕೆಲಸ ಹೋಯ್ತು. ನಾಳೆಯಿಂದ ನಾನೂ ನಿಮ್ಮ ಗುಂಪಿಗೇ ಬರೋದು."

ಹದಿನಾಲ್ಕು ಹೆಂಗಸರು ಅವನ ಹೆಬ್ಬೆರಳಿನ ಕಡೆ ನೋಡಿದರು. ಆ ಬೆರಳು ಮೂರು ದಿನದಲ್ಲಿ ಮುರಿದ ಹೂಗಳು, ಕಳೆದುಹೋದ ಎರಡು ತೋಟ, ತಿಂಗಳುಗಟ್ಟಲೆ ಊರೂರಲ್ಲಿ ಕೇಳಬೇಕಾಗಿ ಬಂದ ಮಾತು, ಎಲ್ಲವೂ ಅವರಿಗೆ ನೆನಪಿತ್ತು.

"ಹೂವು ಎಷ್ಟು ಉಳಿದಿದೆ?" ಎಂದಳು ಹೆರ್ಮೆಲಿಂದಾ. ಅವಳ ಧ್ವನಿ ಬದಲಾಗಿತ್ತು.

"ಒಂದು."

"ಅದನ್ನ ಇನ್ನು ಯಾರೂ ಮುಟ್ಟಲ್ಲ."

ಮುಟ್ಟುವುದಿಲ್ಲ ಎಂದರೆ ಸಾಲದು, ಕೈಗಳನ್ನು ನಂಬುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಲ್ಲರನ್ನೂ ಬಳ್ಳಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಅರ್ಧ ವೃತ್ತವಾಗಿ ನಿಲ್ಲಿಸಿದಳು. ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಳ್ಳಬೇಕು, ಏನೇ ಆದರೂ ಬಿಡಬಾರದು. ಸುದ್ದಿ ಕೇಳಿ ಬಂದ ದೋನ್ಯಾ ಎಉಸೇಬಿಯಾಳನ್ನು ನಡುವೆ ನಿಲ್ಲಿಸಿ, ಅವಳ ಬಲಗೈಯನ್ನು ಅವಳ ಹಿಂದೆಯೇ ಬಂದ ದೋನ್ ಎರಾಸ್ತೊಗೂ ಎಡಗೈಯನ್ನು ಏಜೆಂಟರಿಗೂ ಒಪ್ಪಿಸಿದಳು.

"ನನ್ ಕೈನ ಇಬ್ಬರು ಗಂಡಸರು ಹಿಡ್ಕೊಂಡಿದ್ದು ಇದೇ ಮೊದಲು," ಎಂದಳು ಅತ್ತೆ.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು ಹೆರ್ಮೆಲಿಂದಾ.

ಅರ್ಧ ಗಂಟೆ ಹಾಗೇ ನಿಂತರು. ಬೆವರು ಇಳಿಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಏಜೆಂಟರ ಮೂಗಿನ ಮೇಲೆ ಸೊಳ್ಳೆ ಕೂತು, ಸಾವಕಾಶವಾಗಿ ಕುಡಿದು ಹೋಯಿತು. ಹೂವಿನ ಅಂಚು ಸೊರಗತೊಡಗಿತ್ತು. ಫಿದೆನ್ಸಿಯೋ ಕ್ಯಾಮೆರಾ ಹಿಡಿದು ಮಂಡಿಯೂರಿದ್ದ.

ಹನ್ನೊಂದು ಹತ್ತಕ್ಕೆ ಹಸಿರು ದುಂಬಿ ಬಂತು.

ಹೊಸ ಬೀಗದ ಹಾಗೆ ಹೊಳೆಯುತ್ತಿತ್ತು. ಬೆನ್ನಿನ ಮೇಲೆ ಹಳದಿ ಪರಾಗದ ಮುದ್ದೆ, ಮೇಲಿನ ತೋಟದ ಯಾವುದೋ ಹೂವಿನದು. ಗಾಳಿಯಲ್ಲಿ ಒಂದು ಕ್ಷಣ ನಿಂತು, ಅಲ್ಲಿದ್ದ ಹದಿನೆಂಟು ಮಂದಿಯನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದೆ ಹೂವಿನ ಕೊಳವೆಯೊಳಗೆ ನುಗ್ಗಿತು. ಹೂವು ನಡುಗಿತು. ದುಂಬಿ ಹಿಮ್ಮುಖವಾಗಿ ಹೊರಗೆ ಬಂತು, ಮುಂಗಾಲಿನಿಂದ ಮುಖ ಒರೆಸಿಕೊಂಡು ಹಾರಿಹೋಯಿತು. ಕ್ಯಾಮೆರಾ ಒಂಬತ್ತು ಸಲ ಕ್ಲಿಕ್ಕೆಂದಿತ್ತು.

ಎಲ್ಲರೂ ಹಿಡಿದ ಕೈ ಬಿಡದೆ ಅದು ಹೋದ ದಿಕ್ಕಿಗೆ ಕತ್ತು ತಿರುಗಿಸಿದರು.

"ಇಷ್ಟೇನಾ?" ಎಂದಳು ಹೆರ್ಮೆಲಿಂದಾ.

"ಹನ್ನೆರಡು ಸೆಕೆಂಡು," ಎಂದಳು ದೋನ್ಯಾ ಎಉಸೇಬಿಯಾ. "ಅಷ್ಟರಲ್ಲಿ ನಾನು ಮೂರು ಹೂವು ಮುಗಿಸ್ತಿದ್ದೆ. ನನ್ ಗುಂಪಿಗೆ ಇದನ್ನ ಸೇರಿಸ್ಕೊಳ್ಳಲ್ಲ."

ಹನ್ನೆರಡಕ್ಕೆ ಸರಿಯಾಗಿ ಡಾಕ್ಟರಮ್ಮನ ಜೀಪು ಬಂತು. ಊರಿನವರು ಹಗ್ಗದ ಆಚೆ ಗೌರವದಿಂದ ದೂರ ಸರಿದು ನಿಂತರು. ಅವಳು ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಭೂತಗನ್ನಡಿ ತೆಗೆದು ಹೂವಿನ ಒಳಗೆ ನೋಡಿದಳು. ಪರದೆಯ ಕೆಳಗೆ ಪರಾಗ ಕೂತಿತ್ತು, ತುಟಿ ಎಲ್ಲೂ ಸೀಳಿರಲಿಲ್ಲ. ಆಮೇಲೆ ಫಿದೆನ್ಸಿಯೋನ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಸ್ವಲ್ಪ ಅತ್ತಳು.

"ಮುಗೀತು ಫಿದೆನ್ಸಿಯೋ," ಎಂದಳು ಮೆಲ್ಲಗೆ. "ನಿಮ್ಮಿಂದ ಮುಗೀತು."

"ಏನು ಮುಗೀತು ಡಾಕ್ಟರಮ್ಮ?"

"ಎಲ್ಲಾ. ಇವತ್ತೂ ಬರಲ್ಲ ಅಂದುಕೊಂಡು ನಾನು ಇನ್ನೂ ಐದು ವರ್ಷದ ಗುತ್ತಿಗೆ ಮಂಜೂರು ಮಾಡಿಸ್ಕೊಂಡು ಬಂದಿದ್ದೆ, ನೋಡಿ." ಚೀಲದಿಂದ ಕಾಗದ ತೆಗೆದು ತೋರಿಸಿದಳು. ಅವನ ಹೆಸರು ದಪ್ಪಕ್ಷರದಲ್ಲಿತ್ತು. "ಬರಲ್ಲ ಅಂತ ಖಚಿತವಾಗಿ ಹೇಳಬೇಕಾದರೆ ಎಷ್ಟು ವರ್ಷ ಕೂತರೂ ಸಾಲದು. ಬರುತ್ತೆ ಅನ್ನೋಕೆ ಒಂದು ಫೋಟೋ ಸಾಕು. ಇನ್ನು ಇಲ್ಲಿ ಕೂರೋ ಅಗತ್ಯವೇ ಇಲ್ಲ." ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಫಿದೆನ್ಸಿಯೋ ಸ್ವಲ್ಪ ಹೊತ್ತು ಆ ಚೀಲವನ್ನು ನೋಡಿದ.

"ಡಾಕ್ಟರಮ್ಮ, ಆ ಹೂವಿನ ಬಗ್ಗೆ ನನಗೆ ಅನುಮಾನ ಇದೆ."

"ಎಂಥ ಅನುಮಾನ?"

"ದುಂಬಿ ಬಂದಿದ್ದು ನಿಜ. ಆದರೆ ಅದಕ್ಕಿಂತ ಮುಂಚೆ ನಮ್ಮತ್ತೆ ಒತ್ತಿಬಿಟ್ಟಿರಬಹುದು."

"ತುಟಿ ಸೀಳಿಲ್ವಲ್ಲ."

"ಅವರು ಸೀಳದೇನೂ ಒತ್ತುತ್ತಾರೆ. ಈ ಸೀಮೆಗೇ ಹೆಸರಾದ ಕೈ ಅದು. ನೋಟ್‌ಬುಕ್ ನೋಡಿ, ಬೆಳಿಗ್ಗೆ ಆರು ಇಪ್ಪತ್ತಕ್ಕೇ ಬಂದಿದ್ದಾರೆ."

ಡಾಕ್ಟರಮ್ಮ ನೋಟ್‌ಬುಕ್ ಓದಿದಳು. ಅವಳ ಮುಖದ ಬೆಳಕು ಮಂಕಾಯಿತು. ಎದ್ದು ಹಗ್ಗದ ಬಳಿ ಹೋಗಿ ಕೇಳಿದಳು. "ನಿಜ ಹೇಳಬೇಕು. ಆ ಕೊನೇ ಹೂವನ್ನ ನಿಮ್ಮಲ್ಲಿ ಯಾರಾದರೂ ಮುಟ್ಟಿದ್ದೀರಾ?"

ಅವಳ ಬೆನ್ನ ಹಿಂದಿನಿಂದ ಫಿದೆನ್ಸಿಯೋ ಅತ್ತೆಗೆ ಹೌದು ಎಂದು ತಲೆಯಾಡಿಸಿ ಸನ್ನೆ ಮಾಡಿದ. ಊದಿದ ಹುಬ್ಬಿನ ಕೆಳಗೆ ಕಣ್ಣು ಮಿಟುಕಿಸಿದ.

"ಅಳಿಯ ಹೆದರ್ಕೊಂಡಿದ್ದಾನೆ ಪಾಪ," ಎಂದಳು ದೋನ್ಯಾ ಎಉಸೇಬಿಯಾ. "ಬೆಳಿಗ್ಗೆ ಎರಡು ಒತ್ತಿದ್ದು ನಾನೇ, ತಪ್ಪಾಯ್ತು. ಸೀಳದೇ ಒತ್ತೋಕೂ ಬರುತ್ತೆ. ಆದ್ರೆ ಈ ಹೂವನ್ನ ಮುಟ್ಟಿಲ್ಲ, ಗ್ವಾದಲೂಪೆ ಮಾತೆ ಆಣೆ."

"ಅವರ ಬಲಗೈ ನನ್ ಕೈಲಿತ್ತು," ಎಂದರು ದೋನ್ ಎರಾಸ್ತೊ. "ಒತ್ತಿದ್ದು ಆ ದುಂಬೀನೇ. ನನ್ ಜೇನಲ್ಲ. ನಾನೇ ಹೇಳ್ತಾ ಇದ್ದೀನಿ ಅಂದ್ಮೇಲೆ ನೀವು ನಂಬಬೇಕು."

"ಎಡಗೈ ನನ್ನ ಕೈಲಿತ್ತು," ಎಂದರು ಏಜೆಂಟರು. "ಬೇಕಾದರೆ ಬರಹದಲ್ಲಿ ಕೊಡ್ತೀನಿ."

"ಕೊಡಿ," ಎಂದಳು ಡಾಕ್ಟರಮ್ಮ, ಮತ್ತೆ ಬೆಳಗುತ್ತ.

"ಬರಹ ಯಾಕೆ," ಎಂದ ಫಿದೆನ್ಸಿಯೋ. "ಬಿಸಿಲಲ್ಲಿ ನಿಂತವರಿಗೆ ಏನೇನೋ ಕಾಣುತ್ತೆ."

"ಸುಮ್ನಿರಿ ಕೊಂಪಾದ್ರೆ," ಎಂದಳು ಹೆರ್ಮೆಲಿಂದಾ. "ಬೆಳಿಗ್ಗೆಯಿಂದ ನಿಮಗೆ ಎಷ್ಟು ತೊಂದರೆ ಕೊಟ್ಟಿದ್ದೀವಿ. ಈಗಲಾದ್ರೂ ಸಹಾಯ ಮಾಡೋಕೆ ಬಿಡಿ."

ಏಜೆಂಟರು ಕುರ್ಚಿಯಲ್ಲಿ ಕೂತು, ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದುಕೊಂಡು ಮಹಜರು ಬರೆದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಈ ದಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕೆಳಗೆ ಸಹಿ ಮಾಡಿರುವ ನಾವೆಲ್ಲರೂ ಸ್ವಸ್ಥ ಬುದ್ಧಿಯಿಂದ ನೋಡುತ್ತಿರಲಾಗಿ, ಹೆಸರು ವಿಳಾಸ ತಿಳಿಯದ ಒಂದು ಹಸಿರು ದುಂಬಿಯು ಯಾರ ಪ್ರೇರಣೆಯೂ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಹೂವಿನ ಒಳಗೆ ಹೋಗಿ ಹೊರಗೆ ಬಂದದ್ದು ಸತ್ಯ.

ಹದಿನಾಲ್ಕು ಹೆಂಗಸರು ಸಹಿ ಹಾಕಿದರು. ದೋನ್ಯಾ ಎಉಸೇಬಿಯಾ ಹೆಬ್ಬೆಟ್ಟು ಒತ್ತಿದಳು. ದೋನ್ ಎರಾಸ್ತೊ ಸಹಿ ಮಾಡಿ, ಕೆಳಗೆ ಗೆರೆಯನ್ನೂ ಎಳೆದರು. ಕೊನೆಗೆ ಪೆನ್ನು ಫಿದೆನ್ಸಿಯೋನ ಕೈಗೆ ಬಂತು. ಎಲ್ಲರೂ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದರು. ಅವನು ಸಹಿ ಹಾಕಿದ. ಏಜೆಂಟರು ಮೊಹರಿಗೆ ಎರಡು ಸಲ ಬಿಸಿಯುಸಿರು ಬಿಟ್ಟು, ಅವನ ಹೆಸರಿನ ಮೇಲೇ ಬೀಳುವಂತೆ ಒತ್ತಿದರು.

ಡಾಕ್ಟರಮ್ಮ ಮಹಜರನ್ನು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು, ಎಲ್ಲರ ಕೈ ಕುಲುಕಿ, ಕ್ಯಾಮೆರಾ ತೆಗೆದುಕೊಂಡು, ಕುರ್ಚಿಯನ್ನು ಮಡಚಿ ಜೀಪಿಗೆ ಹಾಕಿದಳು.

"ಕುರ್ಚಿ ಯಾಕೆ ತಗೊಂಡು ಹೋಗ್ತಾಳೆ?" ಎಂದಳು ಹೆರ್ಮೆಲಿಂದಾ. "ನಾಳೆ ಎಲ್ಲಿ ಕೂರ್ತೀರಿ?"

ಫಿದೆನ್ಸಿಯೋ ಚೀಲದೊಳಗೆ ಮಡಚಿಹೋದ ಐದು ವರ್ಷದ ಗುತ್ತಿಗೆಯ ಕತೆ ಹೇಳಿದ.

ಜೀಪಿನ ಸದ್ದು ತಿರುವಿನಾಚೆ ಅಡಗಿತು. ಆಮೇಲೆ ಹೆರ್ಮೆಲಿಂದಾ ಏಜೆಂಟರ ಕಡೆ ತಿರುಗಿದಳು. "ದೋನ್ ನಿಸೆಫೊರೊ, ಆ ಕಾಗದಾನ ರದ್ದು ಮಾಡೋಕಾಗಲ್ವಾ?"

ಏಜೆಂಟರು ಜೇಬಿನ ಮೊಹರನ್ನು ತಡವಿಕೊಂಡರು. "ಮೊಹರು ಬಿದ್ದಿದೆ. ಒಂದೇ ದಾರಿ. ಆ ದುಂಬಿನೇ ಬಂದು ಅಲ್ಲ ಅನ್ನಬೇಕು."

ಎಲ್ಲರೂ ಬಳ್ಳಿಯ ಕಡೆ ನೋಡಿದರು. ಹೊತ್ತು ಮೀರಿ ಹೂವು ಮುಚ್ಚಿಕೊಂಡಿತ್ತು.

ದೋನ್ಯಾ ಎಉಸೇಬಿಯಾ ಏಪ್ರನ್ ಕೊಡವಿದಳು. "ನಡಿ ಅಳಿಯ, ಊಟ ಮಾಡಿ ಮಲ್ಕೋ. ನಾಳೆ ಐದಕ್ಕೆ ಹೊರಡಬೇಕು."

ಆಗ ಮಧ್ಯಾಹ್ನ ಒಂದು ಗಂಟೆ.